ಸೀಟಿನಲ್ಲೇ ಮುಗಿದಿದ್ದ ಅರ್ಧ ಕೆಲಸ: ಪಿಂಕ್ ಫ್ಲಾಯ್ಡ್‌ನ 1975ರ ಕ್ಯಾಸೆಟ್ ಮತ್ತು ಅದರ ದುರಸ್ತಿ

2025ರ ಡಿಸೆಂಬರ್ 12ರಂದು ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ‘ವಿಶ್ ಯೂ ವರ್ ಹಿಯರ್’ ಆಲ್ಬಮ್ಮಿನ ಐವತ್ತನೇ ವರ್ಷದ ಆವೃತ್ತಿ ಹೊರಬಂತು. ಅದರ ಬ್ಲೂ-ರೇ ಡಿಸ್ಕಿನಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಂಥ ಎರಡು ಸದ್ದುಗಳು ಅಕ್ಕಪಕ್ಕ ಕೂತಿವೆ. ಒಂದು, ಸುತ್ತಲೂ ಸ್ಪೀಕರ್ ಇಟ್ಟುಕೊಂಡು ಕೇಳಲೆಂದು ಜೇಮ್ಸ್ ಗಥ್ರಿ ಸಿದ್ಧಪಡಿಸಿದ ಡಾಲ್ಬಿ ಆಟ್ಮಾಸ್ ಮಿಕ್ಸ್. ಇನ್ನೊಂದು, 1975ರ ಏಪ್ರಿಲ್ 26ರ ಶನಿವಾರ ರಾತ್ರಿ ಲಾಸ್ ಏಂಜಲೀಸ್‌ನ ಸ್ಪೋರ್ಟ್ಸ್ ಅರೀನಾದಲ್ಲಿ ಮೈಕ್ ಮಿಲಾರ್ಡ್ ಎಂಬ ಪ್ರೇಕ್ಷಕ ಕದ್ದುಮುಚ್ಚಿ ಕ್ಯಾಸೆಟ್ಟಿಗೆ ಇಳಿಸಿಕೊಂಡ ಇಡೀ ಷೋ. ಈ ಎರಡನೆಯದನ್ನು ದುರಸ್ತಿ ಮಾಡಿ ರೀಮಾಸ್ಟರ್ ಮಾಡಿದವನು ಸ್ಟೀವನ್ ವಿಲ್ಸನ್.

ಹೊಗಳಿಕೆಯೆಲ್ಲ ವಿಲ್ಸನ್ ಪಾಲಿಗೆ ಹೋಗುವುದು ಸಹಜ. ಪೋರ್ಕ್ಯುಪೈನ್ ಟ್ರೀ ತಂಡ ಕಟ್ಟಿದವ, ಕಿಂಗ್ ಕ್ರಿಮ್ಸನ್, ಯೆಸ್, ಜೆಥ್ರೊ ಟಲ್ ಆಲ್ಬಮ್‌ಗಳನ್ನು ಹೊಸದಾಗಿ ಮಿಕ್ಸ್ ಮಾಡಿದವ. 2025ರ ಮೇ ತಿಂಗಳಲ್ಲಿ ಬಂದ ಫ್ಲಾಯ್ಡ್‌ನ ಪಾಂಪೇ ಕಾರ್ಯಕ್ರಮದ ಮಿಕ್ಸ್ ಕೂಡ ಅವನದೇ. ಆದರೆ ಈ ಪ್ರಕರಣವನ್ನು ಬಿಡಿಸಿ ನೋಡಿದಾಗ ನನಗೆ ಕಾಣುವುದು ಬೇರೆ. ಈ ಟೇಪಿನ ಹಣೆಬರಹದ ಬಹುಪಾಲು ಬರೆದಾಗಿದ್ದು ಆ ರಾತ್ರಿಯೇ, ಅರೀನಾದ ಒಂದು ಸೀಟಿನಲ್ಲಿ. ಐವತ್ತು ವರ್ಷಗಳ ನಂತರದ ಸ್ಟುಡಿಯೋಗೆ ಉಳಿದಿದ್ದ ಕೆಲಸ ನಾಜೂಕಿನದು, ಆದರೆ ಸಣ್ಣದು.

ಈ ಟೇಪೇ ಯಾಕೆ ಬೇಕಾಯಿತು

ಫ್ಲಾಯ್ಡ್‌ನಂಥ ತಂಡಕ್ಕೆ ಒಳ್ಳೆಯ ಲೈವ್ ಟೇಪಿಗೆ ಬರವೇ ಎಂದು ಯಾರಾದರೂ ಕೇಳಬಹುದು. 1974ರ ನವೆಂಬರ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಬಿಬಿಸಿ ಮಾಡಿಕೊಂಡ ಮುದ್ರಣ ಇತ್ತು. ಅದರ ಭಾಗಗಳು 2011ರ ಮರುಬಿಡುಗಡೆಗಳಲ್ಲಿ ಬಂದವು, ಚೆನ್ನಾಗಿಯೂ ಇವೆ. ಒಂದೊಂದು ವಾದ್ಯಕ್ಕೂ ಬೇರೆ ಬೇರೆ ಟ್ರ್ಯಾಕ್, ನಿಧಾನವಾಗಿ ಕೂತು ಮಿಕ್ಸ್ ಮಾಡಲು ಅನುಕೂಲ.

ತೊಂದರೆ ಇರುವುದು ಸದ್ದಿನಲ್ಲಲ್ಲ, ತಾರೀಕಿನಲ್ಲಿ. ವೆಂಬ್ಲಿಯಲ್ಲಿ ಈ ಆಲ್ಬಮ್ಮಿನ ‘ಶೈನ್ ಆನ್ ಯೂ ಕ್ರೇಜಿ ಡೈಮಂಡ್’ ಆದಿಯಿಂದ ಅಂತ್ಯದವರೆಗೆ ಒಂದೇ ಉಸಿರಿನ ರಚನೆ. ‘ಹ್ಯಾವ್ ಎ ಸಿಗಾರ್’ ಆಗ ಹುಟ್ಟಿಯೇ ಇರಲಿಲ್ಲ. 1975ರ ಜನವರಿಯಲ್ಲಿ ತಂಡ ಆಬಿ ರೋಡ್ ಸ್ಟುಡಿಯೋ ಹೊಕ್ಕಿತು. ಕೆಲಸ ಜುಲೈವರೆಗೆ ಎಳೆಯಿತು. ನಡುವೆ ಏಪ್ರಿಲ್‌ನಲ್ಲೊಮ್ಮೆ, ಜೂನ್‌ನಲ್ಲೊಮ್ಮೆ ಅಮೆರಿಕ ಪ್ರವಾಸ. ‘ಶೈನ್ ಆನ್’ ಅನ್ನು ಎರಡಾಗಿ ಸೀಳಿ ನಡುವೆ ಬೇರೆ ಹಾಡುಗಳನ್ನು ಕೂರಿಸೋಣ, ‘ರೇವಿಂಗ್ ಅಂಡ್ ಡ್ರೂಲಿಂಗ್’ ಮತ್ತು ‘ಯೂ ಹ್ಯಾವ್ ಗಾಟ್ ಟು ಬಿ ಕ್ರೇಜಿ’ ಎರಡನ್ನೂ ಈ ಆಲ್ಬಮ್ಮಿನಿಂದ ಬಿಡೋಣ ಎಂದು ರೋಜರ್ ವಾಟರ್ಸ್ ಹೇಳಿದ. ಡೇವಿಡ್ ಗಿಲ್ಮೋರ್‌ಗೆ ಒಪ್ಪಿಗೆಯಿರಲಿಲ್ಲ, ಉಳಿದವರ ಮತ ವಾಟರ್ಸ್ ಕಡೆ ಬಿತ್ತು.

ಏಪ್ರಿಲ್ 26ರ ಷೋ ಈ ಜಗ್ಗಾಟದ ನಟ್ಟನಡುವಿನದು. ‘ಶೈನ್ ಆನ್’ ಆಗಲೇ ಎರಡಾಗಿದೆ, ಮಧ್ಯದಲ್ಲಿ ‘ಹ್ಯಾವ್ ಎ ಸಿಗಾರ್’ ಬಂದು ಕೂತಿದೆ. ಆದರೆ ಬಿಟ್ಟುಬಿಡುವ ಎರಡು ಹಾಡುಗಳು ಇನ್ನೂ ಷೋನ ಬಾಗಿಲಲ್ಲೇ ನಿಂತಿವೆ. ಅವು ಹೆಸರು, ಸಾಹಿತ್ಯ ಬದಲಿಸಿಕೊಂಡು ‘ಶೀಪ್’ ಮತ್ತು ‘ಡಾಗ್ಸ್’ ಆಗಿ ‘ಆನಿಮಲ್ಸ್’ ಆಲ್ಬಮ್ ಸೇರಿದ್ದು 1977ರಲ್ಲಿ. ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡು ವೇದಿಕೆಯಲ್ಲಿ ಇಲ್ಲವೇ ಇಲ್ಲ. ‘ಶೈನ್ ಆನ್’ ಯಾರನ್ನು ನೆನೆದು ಬರೆದದ್ದೋ ತಂಡದ ಆ ಹಳೆಯ ಗಾಯಕ ಸಿಡ್ ಬ್ಯಾರೆಟ್ ಗುರುತೇ ಸಿಗದಂತೆ ದಪ್ಪಗಾಗಿ, ತಲೆ ಹುಬ್ಬು ಬೋಳಿಸಿಕೊಂಡು ಸ್ಟುಡಿಯೋಗೆ ಬಂದು ಎಲ್ಲರನ್ನೂ ಕಂಗೆಡಿಸಿದ್ದು ಜೂನ್ 5ರಂದು, ಅಂದರೆ ಈ ಷೋ ಆಗಿ ಒಂದು ತಿಂಗಳಿನ ಮೇಲೆ. ರಚನೆ ಅರೆಬೆಂದಿರುವಾಗಿನ ಈ ಘಟ್ಟ ವೆಂಬ್ಲಿ ಟೇಪಿನಲ್ಲಿ ಎಷ್ಟು ಹುಡುಕಿದರೂ ಸಿಗದು. ಅದು ಬೇಕೆಂದರೆ 1975ರ ಏಪ್ರಿಲ್‌ಗೇ ಹೋಗಬೇಕು, ಏಪ್ರಿಲ್‌ನ ಹೆಸರಾಂತ ಟೇಪು ಮಿಲಾರ್ಡ್‌ನದು.

ಇಲ್ಲಿ ಒಂದು ತಮಾಷೆಯಿದೆ. 1974ರ ಚಳಿಗಾಲದಲ್ಲಿ ಸ್ಟೋಕ್ ಊರಿನ ಷೋ ಒಂದನ್ನು ಯಾರೋ ಕದ್ದು ಮುದ್ರಿಸಿ ಎಲ್‌ಪಿ ಮಾಡಿ ಮಾರಿದ್ದರು. ಅದನ್ನೇ ಫ್ಲಾಯ್ಡ್‌ನ ಹೊಸ ಆಲ್ಬಮ್ ಎಂದುಕೊಂಡು ಕೊಂಡವರಿದ್ದರು, ತಂಡಕ್ಕೆ ಸಿಟ್ಟು ಬಂದಿತ್ತು. ಅದೇ ಹಾಡುಗಳ ಇನ್ನೊಂದು ಕದ್ದ ಮುದ್ರಣ ಈಗ ತಂಡದ ಹೆಸರಿನಲ್ಲೇ, ಮಿಲಾರ್ಡ್‌ನ ಹೆಸರನ್ನೂ ಹೇಳಿಕೊಂಡು ಅಂಗಡಿಗೆ ಬಂದಿದೆ.

ಪೊಲೀಸರ ಕಣ್ಣೆದುರು ಮೈಕು

ಸ್ಪೋರ್ಟ್ಸ್ ಅರೀನಾದಲ್ಲಿ ಏಪ್ರಿಲ್ 23ರಿಂದ 27ರವರೆಗೆ ಐದು ರಾತ್ರಿ ಷೋ ಇತ್ತು. ಲಾಸ್ ಏಂಜಲೀಸ್ ಪೊಲೀಸ್ ಮುಖ್ಯಸ್ಥ ಎಡ್ ಡೇವಿಸ್‌ಗೆ ರಾಕ್ ಸಂಗೀತ ಕೇಳುವ ಹುಡುಗರೆಂದರೆ ಆಗುತ್ತಿರಲಿಲ್ಲ. ಆ ಐದು ರಾತ್ರಿಗಳಲ್ಲಿ ಬಂಧಿತರಾದವರು 511 ಮಂದಿ, ಹೆಚ್ಚಿನವರು ಗಾಂಜಾ ಇಟ್ಟುಕೊಂಡ ಆರೋಪದಲ್ಲಿ. ಒಳಗೆ ಹೋಗುವವರ ಜೇಬು ತಡಕುವ ಅಂಥ ವಾತಾವರಣದಲ್ಲಿ ಒಬ್ಬ ಮನುಷ್ಯ ಎರಡು ಕಂಡೆನ್ಸರ್ ಮೈಕು, ಒಂದು ಇಟ್ಟಿಗೆಗಟ್ಟಲೆ ಭಾರದ ಕ್ಯಾಸೆಟ್ ಡೆಕ್ಕು ಹೊತ್ತು ಒಳಗೆ ಹೋಗಬೇಕಿತ್ತು.

ಮಿಲಾರ್ಡ್ ವರ್ಷಗಳ ಕಾಲ ಬಳಸಿದ ಉಪಾಯಗಳಲ್ಲಿ ಗಾಲಿಕುರ್ಚಿ ಪ್ರಸಿದ್ಧವಾದದ್ದು. ನಡೆಯಲು ಏನೂ ತೊಂದರೆಯಿಲ್ಲದ ಆತ ಕುರ್ಚಿಯಲ್ಲಿ ಕೂತು, ಗೆಳೆಯರು ತಳ್ಳಿಕೊಂಡು ಹೋಗಿ, ಸಾಮಾನೆಲ್ಲ ಕುರ್ಚಿಯಲ್ಲೇ ಅಡಗಿ ಒಳಗೆ ಸೇರುತ್ತಿತ್ತು. ಸರಿಯೋ ತಪ್ಪೋ ಎಂಬ ಪ್ರಶ್ನೆ ಬದಿಗಿಡೋಣ. ದುರಸ್ತಿಯ ದೃಷ್ಟಿಯಿಂದ ಮುಖ್ಯವಾದದ್ದು ಒಳಗೆ ಹೋದ ಸಾಮಾನು ಯಾವುದು ಎನ್ನುವುದು. ನಾಕಮಿಚಿ 550 ಡೆಕ್ಕು ಮತ್ತು ಎಕೆಜಿ 451ಇ ಮೈಕುಗಳು. ಆ ಕಾಲದ ಹೆಚ್ಚಿನ ಕದ್ದ ಮುದ್ರಣಗಳು ಡೆಕ್ಕಿನಲ್ಲೇ ಇದ್ದ ಪುಟ್ಟ ಮೈಕಿನಿಂದ ಹುಟ್ಟಿದವು, ಅದೂ ಮಾನೋ. ಮಿಲಾರ್ಡ್ ಕೈಯಲ್ಲಿದ್ದದ್ದು ಸ್ಟುಡಿಯೋದವರು ಬಳಸುವ ದರ್ಜೆಯ ಮೈಕು, ಬ್ಯಾಟರಿಯಲ್ಲಿ ಓಡುವಂಥವುಗಳಲ್ಲಿ ಅಂದಿಗೆ ಅತ್ಯುತ್ತಮ ಎನ್ನಿಸಿದ ಡೆಕ್ಕು.

ಈಗ ಸೀಟಿನ ವಿಷಯ. ದೊಡ್ಡ ಒಳಾಂಗಣದಲ್ಲಿ ಕೇಳುಗನಿಗೆ ಸದ್ದು ಎರಡು ದಾರಿಯಲ್ಲಿ ಬರುತ್ತದೆ: ಸ್ಪೀಕರಿನಿಂದ ನೇರವಾಗಿ, ಮತ್ತು ಗೋಡೆ, ಚಾವಣಿ, ಎದುರಿನ ಗ್ಯಾಲರಿಗೆ ಬಡಿದು ತಡವಾಗಿ. ಸ್ಪೀಕರಿಗೆ ಹತ್ತಿರವಿದ್ದಷ್ಟು ನೇರದ ಪಾಲು ಹೆಚ್ಚು. ದೂರ ಹೋದಂತೆ ಅನುರಣನೆ ಅದನ್ನು ನುಂಗುತ್ತದೆ, ಡ್ರಮ್ಮಿನ ಏಟು ಮೆತ್ತಗಾಗುತ್ತದೆ, ಹಾಡಿನ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಈ ಎರಡರ ಪ್ರಮಾಣ ಟೇಪಿನ ಮೇಲೆ ಬಿದ್ದಾದ ಮೇಲೆ ಮುಗಿಯಿತು. ತಗ್ಗಿರುವ ತಾರಸ್ಥಾಯಿಯನ್ನು ಎತ್ತಬಹುದು, ಗುಮ್ಮೆನ್ನುವ ಬಾಸನ್ನು ಇಳಿಸಬಹುದು. ಮೂವತ್ತು ಸಾಲು ಹಿಂದೆ ಕೂತವನನ್ನು ಮುಂದಕ್ಕೆ ತಂದು ಕೂರಿಸಲು ಮಾತ್ರ ಯಾವ ಈಕ್ವಲೈಸರಿಗೂ ಆಗದು. ಅದಕ್ಕೇ ಒಳ್ಳೆಯ ಟೇಪರ್‌ಗಳು, ಅಂದರೆ ಹೀಗೆ ಷೋ ಮುದ್ರಿಸಿಕೊಳ್ಳುವವರು, ಮೈಕಿಗೆ ಎಷ್ಟು ದುಡ್ಡು ಸುರಿಯುತ್ತಿದ್ದರೋ ಟಿಕೆಟ್ಟಿನ ವಿಷಯದಲ್ಲೂ ಅಷ್ಟೇ ಹಠ ಹಿಡಿಯುತ್ತಿದ್ದರು.

ಫ್ಲಾಯ್ಡ್ ವಿಷಯದಲ್ಲಿ ಇನ್ನೊಂದು ಗಂಟು. ಆ ತಂಡದ ಷೋದಲ್ಲಿ ಸ್ಪೀಕರ್‌ಗಳು ವೇದಿಕೆಯಲ್ಲಿ ಮಾತ್ರ ಇರುತ್ತಿರಲಿಲ್ಲ, ಸಭಾಂಗಣದ ಸುತ್ತಲೂ ಇರುತ್ತಿದ್ದವು. ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಭಾಗದ ಹೆಜ್ಜೆ ಸಪ್ಪಳ, ಗಡಿಯಾರಗಳು, ನಗು ಎಲ್ಲ ಜನರ ತಲೆಯ ಸುತ್ತ ತಿರುಗುತ್ತಿದ್ದವು. ಮಿಕ್ಸರಿನಿಂದ ನೇರ ತಂತಿ ಎಳೆದು ಮಾಡಿದ ಮುದ್ರಣದಲ್ಲಿ ಈ ತಿರುಗಾಟದ ಸುಳಿವೂ ಇರುವುದಿಲ್ಲ. ಮಿಲಾರ್ಡ್‌ನ ಮೈಕುಗಳು ಮುಂದಿನದನ್ನು ಹೆಚ್ಚು ಹಿಡಿದು ಹಿಂದಿನದನ್ನು ಮೊಟಕುಮಾಡುವ ಜಾತಿಯವು. ಆದರೂ ಬದಿಯಿಂದ, ಹಿಂದಿನಿಂದ ಬಂದದ್ದು ಸ್ವಲ್ಪ ಬಣ್ಣಗೆಟ್ಟಾದರೂ ಟೇಪಿಗೆ ಬೀಳುತ್ತದೆ. ಆ ಮಸುಕು ನನಗೆ ಇಷ್ಟ. ಅಲ್ಲಿ ಒಂದು ಕಟ್ಟಡ ಇತ್ತು ಎಂದು ಕಿವಿಗೆ ತಿಳಿಯುವುದು ಅದರಿಂದಲೇ. 1959ರಲ್ಲಿ ತೆರೆದ ಆ ಕಟ್ಟಡವನ್ನು 2016ರಲ್ಲಿ ಕೆಡವಿದರು, ಈಗ ಅಲ್ಲಿ ಫುಟ್‌ಬಾಲ್ ಸ್ಟೇಡಿಯಂ ಇದೆ.

ಕ್ಯಾಸೆಟ್ಟಿಗೆ ಇನ್ನೊಂದು ಮಿತಿ, ಅದರ ಉದ್ದ. ತೊಂಬತ್ತು ನಿಮಿಷದ ಕ್ಯಾಸೆಟ್ಟಾದರೆ ಒಂದು ಬದಿಗೆ ನಲವತ್ತೈದು. ಷೋ ಎರಡು ಗಂಟೆ ದಾಟುತ್ತಿತ್ತು. ‘ಡಾರ್ಕ್ ಸೈಡ್’ ಒಂದೇ ವೇದಿಕೆಯ ಮೇಲೆ ಐವತ್ತು ನಿಮಿಷ ಮೀರುತ್ತಿತ್ತು, ಹಾಡಿನಿಂದ ಹಾಡಿಗೆ ಬಿಡುವೇ ಇಲ್ಲದೆ. ಕತ್ತಲಲ್ಲಿ, ಪಕ್ಕದವನಿಗೂ ಗೊತ್ತಾಗದಂತೆ, ಎಲ್ಲಿ ಬದಿ ಮಗುಚಿದರೆ ಕಡಿಮೆ ನಷ್ಟ ಎಂದು ಮೊದಲೇ ಲೆಕ್ಕ ಹಾಕಿಕೊಂಡಿರಬೇಕು. ಹಾಡುಗಳ ಪಟ್ಟಿ ಬಾಯಿಪಾಠ ಇದ್ದವನಿಗಷ್ಟೇ ಇದು ಸಾಧ್ಯ.

ಪ್ರತಿಯ ಪ್ರತಿಯ ಪ್ರತಿ

ಮಿಲಾರ್ಡ್ ತನ್ನ ಟೇಪುಗಳನ್ನು ಮಾರಲಿಲ್ಲ. ಬೂಟ್‌ಲೆಗ್, ಅಂದರೆ ಕದ್ದ ಮುದ್ರಣ, ಮಾರುವವರ ಮೇಲೆ ಆತನಿಗೆ ಕೋಪವಿತ್ತು. ಗೆಳೆಯರಿಗೆ ಪ್ರತಿ ಕೊಡುವಾಗ, ಅದು ಮಾರುಕಟ್ಟೆಗೆ ಜಾರಿದರೆ ಯಾರಿಂದ ಜಾರಿತು ಎಂದು ತಿಳಿಯುವಂತೆ ಗುರುತು ಸೇರಿಸುತ್ತಿದ್ದನಂತೆ. ಆದರೂ ಪ್ರತಿಗಳು ಕೈಯಿಂದ ಕೈಗೆ ಹೋದವು.

ಕರ್ನಾಟಕದಲ್ಲೂ ಇದನ್ನು ಬಲ್ಲವರಿದ್ದಾರೆ. ತಾಳಮದ್ದಳೆಯ ಅರ್ಥಧಾರಿಗಳ ಎದುರು ಟೇಪ್‌ರೆಕಾರ್ಡರ್ ಇಟ್ಟು ತುಂಬಿಸಿಕೊಂಡ ಕ್ಯಾಸೆಟ್ಟುಗಳು, ಸಭೆಗಳಲ್ಲಿ ರಸಿಕರು ಹಿಡಿದುಕೊಂಡ ಕಛೇರಿಗಳು ಹೀಗೆಯೇ ಊರೂರು ತಿರುಗಿದವು, ಪ್ರತಿ ಕೈ ಬದಲಾದಾಗಲೂ ಒಂದಷ್ಟು ಮಂಕಾಗುತ್ತಾ. ಆ ಮಂಕಿಗೆ ಕಾರಣಗಳು ಸ್ಪಷ್ಟ. ಒಂದೊಂದು ಪ್ರತಿಯೂ ತನ್ನ ‘ಸುಯ್’ ಎನ್ನುವ ಟೇಪಿನ ಸದ್ದನ್ನು ಹಳೆಯದರ ಮೇಲೆ ಹೇರುತ್ತದೆ. ಎರಡು ಡೆಕ್ಕುಗಳ ವೇಗ ಎಂದೂ ಒಂದೇ ಇರುವುದಿಲ್ಲ. ಟೇಪಿನ ಆ ಸದ್ದು ತಗ್ಗಿಸುವ ಡಾಲ್ಬಿ ಗುಂಡಿಯನ್ನು ಒಬ್ಬ ಒತ್ತಿ ತುಂಬಿಸಿದ್ದನ್ನು ಇನ್ನೊಬ್ಬ ಒತ್ತದೆ ನುಡಿಸಿದರೆ ಕೀರಲು, ಒತ್ತಬಾರದ ಕಡೆ ಒತ್ತಿದರೆ ಕಂಬಳಿ ಹೊದಿಸಿದಂಥ ಸದ್ದು. ಹಿಂದಿನವನು ಏನು ಮಾಡಿದ್ದ ಎಂಬ ಚೀಟಿ ಕ್ಯಾಸೆಟ್ಟಿನ ಜೊತೆ ಬರುವುದಿಲ್ಲವಲ್ಲ.

ಇವೆಲ್ಲಕ್ಕಿಂತ ಘಾತುಕವಾದದ್ದು ಹೆಡ್ಡಿನ, ಅಂದರೆ ಟೇಪಿಗೆ ತಾಗಿ ಸದ್ದು ಬರೆಯುವ, ಓದುವ ಭಾಗದ, ಓರೆ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ ಸಾಗುತ್ತದೆ. ಅಂದರೆ 10,000 ಹರ್ಟ್ಸ್‌ನ ಒಂದು ಅಲೆ ಟೇಪಿನ ಮೇಲೆ 4.76 ಮೈಕ್ರಾನ್ ಜಾಗದಲ್ಲಿ ಮುಗಿದುಹೋಗುತ್ತದೆ. ಸ್ಟೀರಿಯೋದ ಒಂದು ಟ್ರ್ಯಾಕಿನ ಅಗಲ ಸುಮಾರು 0.6 ಮಿಲಿಮೀಟರ್. ತುಂಬಿಸಿದ ಹೆಡ್ಡಿಗೂ ನುಡಿಸುವ ಹೆಡ್ಡಿಗೂ ಕಾಲು ಡಿಗ್ರಿ ವ್ಯತ್ಯಾಸವಿದ್ದರೆ ಸಾಕು, ಟ್ರ್ಯಾಕಿನ ಒಂದು ಅಂಚು ಇನ್ನೊಂದಕ್ಕಿಂತ ಅರ್ಧ ಅಲೆಯಷ್ಟು ಹಿಂದೆ ಬೀಳುತ್ತದೆ. ಆ ಎತ್ತರದ ಸದ್ದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸಿಂಬಲ್ಲಿನ ಮಿಂಚು ಹೋಗುವುದು ಹೀಗೆ. ನುಡಿಸುವಾಗ ಹೆಡ್ ಓರೆಯಿದ್ದರೆ ಸರಿಪಡಿಸಿಕೊಂಡು ಮತ್ತೆ ನುಡಿಸಬಹುದು. ಓರೆಯಲ್ಲೇ ಪ್ರತಿ ಮಾಡಿಬಿಟ್ಟರೆ ಹೋದದ್ದು ಹೋಯಿತು, ಮುಂದಿನ ಪ್ರತಿಗಳೆಲ್ಲ ಆ ಕುರುಡನ್ನೇ ಹೊತ್ತು ಸಾಗುತ್ತವೆ.

ಮಿಲಾರ್ಡ್ 1994ರಲ್ಲಿ ತೀರಿಕೊಂಡ. ಸಾಯುವ ಮೊದಲು ಮೂಲ ಟೇಪುಗಳನ್ನೆಲ್ಲ ನಾಶಮಾಡಿದ್ದ ಎಂಬ ಮಾತು ಸಂಗ್ರಾಹಕರ ನಡುವೆ ಬಹುಕಾಲ ಓಡಾಡಿತ್ತು. ಅದು ಸುಳ್ಳಾಗಿತ್ತು. ತಾಯಿಯ ಮನೆಯಲ್ಲಿ ಉಳಿದಿದ್ದವನ್ನು ಗೆಳೆಯರು ಮುಂದೆ ಪಡೆದು ಒಂದೊಂದಾಗಿ ಡಿಜಿಟಲ್‌ಗೆ ಇಳಿಸತೊಡಗಿದರು. ನನ್ನ ಲೆಕ್ಕದಲ್ಲಿ ಮಿಲಾರ್ಡ್‌ನ ಮುದ್ರಣಗಳಿಗೆ ಆದ ಅತಿದೊಡ್ಡ ದುರಸ್ತಿ ಇದು, ಒಂದು ಸಾಫ್ಟ್‌ವೇರೂ ಇಲ್ಲದೆ ಆದದ್ದು.

ಮೇಜಿನ ಮೇಲೆ ಉಳಿದ ಕೆಲಸ

ಇಂಥ ಟೇಪು ಕೈಗೆ ಬಂದರೆ ಮಾಡಬೇಕಾದ ಮೊದಲ ಕೆಲಸ ಅದನ್ನು ಸರಿಯಾಗಿ ನುಡಿಸುವುದು. ಹೇಳಲು ಎಷ್ಟು ಸಪ್ಪೆಯೋ ಅಷ್ಟೇ ಮುಖ್ಯ. ಹೆಡ್ಡಿನ ಕೋನವನ್ನು ಈ ಟೇಪಿಗೇ ಹೊಂದಿಸಬೇಕು, ಎಲ್ಲ ಟೇಪಿಗೂ ಒಂದೇ ಅಳತೆ ಅಂತಿಲ್ಲ. 1982ರಲ್ಲಿ ಬಂದ ನಾಕಮಿಚಿ ಡ್ರ್ಯಾಗನ್ ಡೆಕ್ಕಿಗೆ ಇಂದಿಗೂ ಬೆಲೆಯಿರುವುದು, ನುಡಿಸುತ್ತಲೇ ಈ ಕೋನವನ್ನು ತಾನೇ ತಿದ್ದಿಕೊಳ್ಳುತ್ತದೆ ಎನ್ನುವ ಕಾರಣಕ್ಕೆ.

ಆಮೇಲೆ ವೇಗ, ಅಂದರೆ ಶ್ರುತಿ. ವೇಗ ನೂರಕ್ಕೆ ಆರರಷ್ಟು ತಪ್ಪಿದರೆ ಇಡೀ ಹಾಡು ಅರ್ಧ ಸ್ವರ ಏರುತ್ತದೆ ಅಥವಾ ಇಳಿಯುತ್ತದೆ. ನೂರಕ್ಕೆ ಒಂದು ತಪ್ಪಿದರೆ ಕಿವಿಗೆ ತಪ್ಪೆಂದು ಅನ್ನಿಸದು, ಆದರೆ ಏನೋ ಅವಸರ, ಏನೋ ಜಡ ಎಂದು ಅನ್ನಿಸುತ್ತಿರುತ್ತದೆ. ಬ್ಯಾಟರಿಯ ಡೆಕ್ಕಿನಲ್ಲಿ ಮುದ್ರಿಸಿದ್ದಾದರೆ ಮೊದಲ ಕ್ಯಾಸೆಟ್ಟಿಗೂ ಕೊನೆಯದಕ್ಕೂ ವ್ಯತ್ಯಾಸ ಇರಬಹುದೆಂದು ಒಂದೊಂದು ಬದಿಯನ್ನೂ ಬೇರೆಯಾಗಿ ಅಳೆಯಬೇಕು. ಫ್ಲಾಯ್ಡ್‌ನಂಥ ತಂಡದಲ್ಲಿ ಇದಕ್ಕೊಂದು ಆಧಾರ ಸಿಗುತ್ತದೆ: ರಿಕ್ ರೈಟ್‌ನ ಹ್ಯಾಮಂಡ್ ಆರ್ಗನ್. ಅದರೊಳಗಿನ ಚಕ್ರಗಳನ್ನು ತಿರುಗಿಸುವ ಮೋಟಾರು ಕರೆಂಟಿನ ಆವರ್ತನಕ್ಕೆ ಕಟ್ಟುಬಿದ್ದದ್ದು, ಆದ್ದರಿಂದ ಶ್ರುತಿಯನ್ನು ಬೇಕೆಂದಾಗ ತಿರುಪಲು ಬರುವುದಿಲ್ಲ. ಹಾರ್ಮೋನಿಯಂ ಇರುವ ಮೇಳದಲ್ಲಿ ಮಿಕ್ಕವರೆಲ್ಲ ಅದಕ್ಕೆ ಹೊಂದಿಕೊಂಡಂತೆ ಇಲ್ಲಿ ಗಿಟಾರು, ಬಾಸು ಎಲ್ಲ ಹ್ಯಾಮಂಡಿನ ಹಿಂದೆ ಹೋಗಬೇಕು. ಟೇಪಿನಲ್ಲಿ ಆರ್ಗನ್ ಎಳೆದು ನಿಲ್ಲಿಸಿದ ಸ್ವರ ಸಿಕ್ಕಿದ ಕಡೆಯೆಲ್ಲ ವೇಗದ ತಕ್ಕಡಿ ಸಿಕ್ಕಂತೆ.

ಮೂರನೆಯದು ಬಣ್ಣ ಮತ್ತು ತೂಕ. ಎಡಬಲಗಳ ಮಟ್ಟ ಸಮಮಾಡುವುದು, ಅರೀನಾ ತನ್ನ ಗಾತ್ರದಿಂದ ಉಬ್ಬಿಸಿದ ಬಾಸಿನ ಒಂದೆರಡು ಸ್ವರಗಳನ್ನು ಹುಡುಕಿ ತಗ್ಗಿಸುವುದು, ಮೈಕಿನ ಹತ್ತಿರ ಯಾರೋ ಹೊಡೆದ ಚಪ್ಪಾಳೆಯ ಮೊನೆ ಮುರಿಯುವುದು, ಬದಿ ಮಗುಚಿದಲ್ಲಿ ಬಿದ್ದ ಕಂದಕವನ್ನು ಜನರ ಗದ್ದಲದಿಂದ ಹೊಲಿಯುವುದು.

ಇಲ್ಲಿ ಒಂದನ್ನು ಗಮನಿಸಬೇಕು. ವಿಲ್ಸನ್‌ಗೆ ಹೆಸರು ತಂದ ಕೆಲಸ ಮಿಕ್ಸಿಂಗ್, ಅಂದರೆ ಬೇರೆ ಬೇರೆ ಟ್ರ್ಯಾಕುಗಳನ್ನು ಹೊಸದಾಗಿ ಸೇರಿಸುವುದು. ಈ ಟೇಪಿನಲ್ಲಿ ಇರುವುದು ಎಡ, ಬಲ, ಎರಡೇ. ಡಿಕ್ ಪ್ಯಾರಿಯ ಸ್ಯಾಕ್ಸೋಫೋನನ್ನು ತುಸು ಮುಂದಕ್ಕೆ ತರೋಣವೆಂದರೆ ಅದರ ಜೊತೆ ನಿಕ್ ಮೇಸನ್‌ನ ಸಿಂಬಲ್ಲೂ ಪಕ್ಕದ ಸೀಟಿನವನ ಸಿಳ್ಳೆಯೂ ಬರುತ್ತದೆ. ಹಿನ್ನೆಲೆ ಗಾಯಕಿಯರಾದ ವೆನೆಟ್ಟಾ ಫೀಲ್ಡ್ಸ್, ಕಾರ್ಲಿನಾ ವಿಲಿಯಮ್ಸ್ ಕೊರಳಿಗೆ ಬೇರೆ ಗುಂಡಿಯಿಲ್ಲ. ಮಿಕ್ಸರನ ಕೈ ಕಟ್ಟಿಹಾಕಿ ಕೊಟ್ಟ ಕೆಲಸ ಇದು.

ಈಗ ಆ ಕಟ್ಟು ಬಿಚ್ಚುವ ಸಾಧನಗಳೂ ಬಂದಿವೆ. ಬೆರೆತ ಸದ್ದಿನಿಂದ ಹಾಡು, ಡ್ರಮ್, ಬಾಸ್ ಎಂದು ಬಿಡಿಸಿಕೊಡುವ ಕಂಪ್ಯೂಟರ್ ವಿಧಾನದಿಂದಲೇ ಬೀಟಲ್ಸ್‌ನ ‘ರಿವಾಲ್ವರ್’ 2022ರಲ್ಲಿ ಹೊಸ ಮಿಕ್ಸ್ ಆಗಿ ಬಂತು, ಮರುವರ್ಷ ಜಾನ್ ಲೆನನ್ ಮನೆಯಲ್ಲಿ ಕ್ಯಾಸೆಟ್ಟಿಗೆ ಹಾಡಿಕೊಂಡಿದ್ದ ದನಿ ಪಿಯಾನೋದಿಂದ ಬೇರೆಯಾಗಿ ಬಂತು. ಆ ಕ್ಯಾಸೆಟ್ಟಿನಲ್ಲಿ ಇದ್ದದ್ದು ಒಂದು ಕೋಣೆ, ಒಂದು ಕೊರಳು, ಒಂದು ಪಿಯಾನೋ. ಸಾವಿರಾರು ಜನರ ಅರೀನಾದ ಟೇಪಿಗೆ ಅದೇ ಪಟ್ಟು ಹಾಕಿದರೆ ಗದ್ದಲದ ಜೊತೆ ಅನುರಣನೆಯೂ ಕಿತ್ತು ಬರುತ್ತದೆ. ಉಳಿದ ಕೊರಳಿನ ಸುತ್ತ ನೀರಿನಡಿಯ ಗುಳುಗುಳು. ಬೂಟ್‌ಲೆಗ್ ಪ್ರಿಯರಲ್ಲಿ ಈ ಹುಚ್ಚು ಈಗ ಜೋರಾಗಿದೆ. ಹಾಗೆ ತೊಳೆದ ಕೆಲವು ಟೇಪುಗಳನ್ನು ಕೇಳಿದಾಗ ನನಗೆ ಅವು ಕೆಟ್ಟ ಸೌಂಡ್‌ಬೋರ್ಡ್ ಮುದ್ರಣಗಳಂತೆ, ಅಂದರೆ ಮಿಕ್ಸರಿನಿಂದ ನೇರ ತಂತಿ ಎಳೆದು ಮಾಡಿದವುಗಳಂತೆ, ಕೇಳಿದವು. ಒಳ್ಳೆಯ ಪ್ರೇಕ್ಷಕ ಟೇಪನ್ನು ಕೆಟ್ಟ ಸೌಂಡ್‌ಬೋರ್ಡ್ ಮಾಡಲು ಅಷ್ಟು ಕಷ್ಟಪಡಬೇಕೆ?

ಹಿಸ್ಸಿನ, ಅಂದರೆ ಟೇಪಿನ ಆ ‘ಸುಯ್’ ಸದ್ದಿನ, ವಿಷಯವೂ ಹೀಗೆಯೇ. ‘ಶೈನ್ ಆನ್’ ಶುರುವಾಗುವ ಮೆಲುದನಿಯ ಕೀಬೋರ್ಡು, ‘ಎಕೋಸ್’ನ ಮೊದಲ ಒಂಟಿ ಹನಿ ಸ್ವರಗಳು, ಇಲ್ಲೆಲ್ಲ ಹಿಸ್ಸು ಎದ್ದು ಕೇಳುತ್ತದೆ, ತೆಗೆಯಲು ಕೈ ತುರಿಸುತ್ತದೆ. ಆದರೆ ಸ್ವರ ಆರುತ್ತಾ ಹೋಗುವ ಬಾಲ ಹಿಸ್ಸಿನ ಒಳಗೇ ಕರಗಿರುತ್ತದೆ. ಹಿಸ್ಸನ್ನು ಪೂರ್ತಿ ಕತ್ತರಿಸಿದರೆ ಬಾಲವೂ ಕತ್ತರಿಸಿ ಸ್ವರ ಥಟ್ಟನೆ ನಿಲ್ಲುತ್ತದೆ. ಒಂದಿಷ್ಟು ಹಿಸ್ಸು ಬಿಡುವುದೇ ಕಸುಬಿನ ಗುರುತು.

ಹಣದ ಮಾತು ಚಿಕ್ಕದಾಗಿ ಮುಗಿಸಬಹುದು. ಫ್ಲಾಯ್ಡ್‌ನ ಮುದ್ರಣಗಳ ಹಕ್ಕು 2024ರಲ್ಲಿ ಸೋನಿ ಕಂಪನಿಗೆ ಸೇರಿತು, ಮರುವರ್ಷವೇ ಈ ಆವೃತ್ತಿ ಬಂತು. ಅಭಿಮಾನಿಗಳ ನಡುವೆ ಪುಕ್ಕಟೆ ಓಡಾಡುತ್ತಿದ್ದ ಟೇಪನ್ನು ಕಾಸಿಗೆ ಮಾರುತ್ತಿದ್ದಾರೆ ಎಂಬ ಗೊಣಗಾಟದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಇದನ್ನು ತಮ್ಮದೇ ಭಂಡಾರದಲ್ಲಿ ಸಿಕ್ಕಿದ್ದು ಎಂಬಂತೆ ತೋರಿಸದೆ, ಪ್ರಚಾರದಲ್ಲೇ ಮಿಲಾರ್ಡ್‌ನ ಬೂಟ್‌ಲೆಗ್ ಎಂದು ಕರೆದದ್ದು ಸರಿಯಾದ ಕೆಲಸ. ಟೇಪಿನಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬ ನಿರೀಕ್ಷೆಯನ್ನೂ ಆ ಒಂದು ಮಾತು ಹದಕ್ಕೆ ತರುತ್ತದೆ.

ಹೊಸದಾಗಿ ಕೇಳುವವರು ಮೊದಲಿನಿಂದ ಶುರುಮಾಡಬೇಕಿಲ್ಲ. 2011ರಲ್ಲಿ ಬಂದ ವೆಂಬ್ಲಿಯ ‘ಶೈನ್ ಆನ್’ ಒಮ್ಮೆ ಪೂರ್ತಿ ಕೇಳಿ, ನಂತರ ಈ ಟೇಪಿನ ‘ಹ್ಯಾವ್ ಎ ಸಿಗಾರ್’ ಹಾಕಿ. ಆಲ್ಬಮ್ಮಿನಲ್ಲಿ ಇದನ್ನು ಹಾಡಿದ್ದು ಹೊರಗಿನಿಂದ ಬಂದ ರಾಯ್ ಹಾರ್ಪರ್. ಇಲ್ಲಿ ವಾಟರ್ಸ್ ಮತ್ತು ಗಿಲ್ಮೋರ್ ತಾವೇ ಹಾಡುತ್ತಾರೆ. ಅದರ ಎರಡೂ ಬದಿಗೆ ‘ಶೈನ್ ಆನ್’ನ ಸೀಳಿದ ಅಂಚುಗಳಿವೆ. ಹೆಡ್‌ಫೋನ್ ಬಿಟ್ಟು ಸ್ಪೀಕರಿನಲ್ಲಿ, ಸ್ವಲ್ಪ ಜೋರಾಗಿ ಕೇಳಿ. ಮೊದಲ ಐದು ನಿಮಿಷ ಕಿವಿ ಹಾಲ್‌ಗೆ ಹೊಂದಿಕೊಳ್ಳಲು ಬೇಕು, ಅಲ್ಲಿಯವರೆಗೆ ಟೋನ್ ಗುಂಡಿ ಮುಟ್ಟಬೇಡಿ.